ನಲವತ್ತನೆಯ ಮಗು

"ಅತ್ತಿಗೆ, ಚಿನ್ನಿ ಅನ್ನೋ ಮಗುನೇ ನಮ್ಮ ಶಾಲೇಲಿ ಇಲ್ಲ. ಇಲ್ಲದ ಮಗು ಇಲ್ಲಿಂದ ಕಳೆದುಹೋಗೋದು ಹೇಗೆ, ನೀವೇ ಹೇಳಿ."

ಹೀಗೆ ಕೇಳಿದವಳು ನನ್ನ ತಮ್ಮನ ಹೆಂಡತಿ. ಮನೆಯಲ್ಲಿ ನನಗೆ ಅಡಿಗಡಿಗೂ ಉಪದೇಶ ಮಾಡುವವಳು, ಹೊರಗೆ ಎಲ್ಲರಿಗೂ ಹೆಡ್ ಮಿಸ್. ನಾನು ಪೊಲೀಸ್ ನೌಕರಿಯಿಂದ ನಿವೃತ್ತಳಾಗಿ ಖಾಸಗಿ ಪತ್ತೇದಾರಿಕೆಗೆ ಇಳಿದಾಗ 'ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ' ಎಂದು ಮೂಗು ಮುರಿದಿದ್ದಳು. ಈಗ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡಿ ಕರೆಸಿಕೊಂಡಿದ್ದಳು.

ಅವಳ ಪ್ರಶ್ನೆಗೆ ಉತ್ತರ ಆಫೀಸಿನ ಮೂಲೆಯ ಕುರ್ಚಿಯಲ್ಲೇ ಕೂತಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ಮುಂಗೈ ಮೇಲೆ ಸುಟ್ಟು ಆರಿದ ಹಳೆಯ ಗೆರೆಗಳು. ಅವಳ ಏಳು ವರ್ಷದ ಮಗಳು ಚಿನ್ನಿ ನಿನ್ನೆ ಮೊದಲ ಸಲ ಶಾಲೆಯ ವ್ಯಾನ್ ಹತ್ತಿ ಹೋದವಳು ಸಂಜೆ ಮನೆಗೆ ಬಂದಿರಲಿಲ್ಲ.

"ಶಾಲೆಗೆ ಸೇರಿಸಿದ್ದು ಯಾರಮ್ಮ? ನೀನೇ ಬಂದು ಬರೆಸಿದೆಯಾ?" ಎಂದೆ.

"ಇಲ್ಲ ಅಕ್ಕ. ಕನ್ನಡಕದ ಸರ್ ಒಬ್ರು ನಮ್ಮ ಲಾಂಡ್ರಿಗೆ ಶರ್ಟು ಕೊಡೋಕೆ ಬರ್ತಾರೆ. ಮಗು ಸುಮ್ನೆ ಕೂತಿರೋದು ನೋಡಿ, ಶಾಲೆಗೆ ಯಾಕೆ ಕಳಿಸಲ್ಲ ಅಂದ್ರು. ಯೂನಿಫಾರಂ ಅವರೇ ತಂದುಕೊಟ್ರು. ನಿನ್ನೆ ವ್ಯಾನಲ್ಲಿ ಅವರೇ ಬಂದು ಕರ್ಕೊಂಡು ಹೋದ್ರು. ಸಂಜೆ ಗೇಟಿಗೆ ಬನ್ನಿ ಅಂದ್ರು. ನಂಗೆ ಕೆಲಸ ಬಿಟ್ಟು ಬರೋದು ಸ್ವಲ್ಪ ತಡ ಆಯ್ತು. ಬರೋ ಹೊತ್ತಿಗೆ ಬೀಗ ಹಾಕಿತ್ತು."

"ಊರಲ್ಲಿ ಅರ್ಧ ಜನಕ್ಕೆ ಕನ್ನಡಕ ಇದೆ," ಎಂದಳು ಹೆಡ್ ಮಿಸ್.

"ಪೊಲೀಸರಿಗೆ ಹೇಳಿದೆಯಾ?"

ಇಸ್ತ್ರಿಯವಳು ತಲೆ ತಗ್ಗಿಸಿದಳು. "ಅದು ಬೇಡ ಅಕ್ಕ. ನೀವೇ ಹುಡುಕಿಕೊಡಿ."

ಮಗು ಕಳೆದುಕೊಂಡ ತಾಯಂದಿರು ಸ್ಟೇಷನ್ನಿನ ಬಾಗಿಲು ಬಡಿಯುವುದನ್ನು ನೌಕರಿಯುದ್ದಕ್ಕೂ ನೋಡಿದವಳು ನಾನು. ಬೇಡ ಅಂದವಳನ್ನು ಇದೇ ಮೊದಲು ನೋಡಿದ್ದು. ಬಡವರಿಗೆ ಖಾಕಿ ಕಂಡರೆ ಹೆದರಿಕೆ, ಅಷ್ಟೇ ಇರಬಹುದು ಅಂದುಕೊಂಡೆ. ಆದರೂ ಅವಳಿಗೆ ಸ್ಪಷ್ಟವಾಗಿ ಹೇಳಿದೆ: "ನೋಡಮ್ಮ, ಮಧ್ಯಾಹ್ನದೊಳಗೆ ಮಗುವಿನ ಸುಳಿವು ಸಿಗದಿದ್ರೆ ನಾನೇ ಸ್ಟೇಷನ್ನಿಗೆ ಫೋನ್ ಮಾಡ್ತೀನಿ. ನಿನ್ನ ಒಪ್ಪಿಗೆ ಕೇಳಲ್ಲ."

ಹೆಡ್ ಮಿಸ್ ನನ್ನನ್ನು ವರಾಂಡಕ್ಕೆ ಎಳೆದುಕೊಂಡು ಹೋದಳು. "ಅತ್ತಿಗೆ, ನಮ್ಮ ಗೇಟಿನ ಕಟ್ಟುನಿಟ್ಟು ನಿಮಗೆ ಗೊತ್ತಲ್ಲ. ಮನೆಯವರ ಹತ್ರ ಇರೋ ಕಾರ್ಡ್ ತೋರಿಸಬೇಕು, ಮಗುವಿನ ನಂಬರಿಗೂ ಅದಕ್ಕೂ ತಾಳೆ ಆಗಬೇಕು. ಇಲ್ದಿದ್ರೆ ಒಂದು ಮಗುನೂ ಆಚೆ ಹೋಗಲ್ಲ."

ಗೊತ್ತಿತ್ತು. ಒಮ್ಮೆ ನನ್ನ ತಮ್ಮ ಕಾರ್ಡ್ ಮರೆತು ಹೋಗಿ, ಸ್ವಂತ ಮಗನನ್ನು ಗೇಟಿನ ಸರಳಿನ ನಡುವೆ ನೋಡುತ್ತಾ ನಿಂತು, ಕೊನೆಗೆ ಮನೆಗೆ ಓಡಿ ಕಾರ್ಡ್ ತಂದಿದ್ದ. ಗಂಡ ಅಂತ ಇವಳು ಮುಲಾಜು ನೋಡಲಿಲ್ಲ. ಆ ಕಥೆಯನ್ನು ಅವನು ಇವತ್ತಿಗೂ ನೆಂಟರಿಷ್ಟರ ಮುಂದೆ ಹೇಳಿಕೊಂಡು ನಗುತ್ತಾನೆ.

"ನಿನ್ನೆ ಶಾಲೇಲಿ ಏನು ವಿಶೇಷ ಇತ್ತು?"

"ಎಣಿಕೆ ಇತ್ತು. ಆಡಳಿತ ಮಂಡಳಿಯವರು ಬಂದು ತಲೆ ಲೆಕ್ಕ ಹಾಕಿಕೊಂಡು ಹೋದ್ರು. ಒಂದನೇ ಕ್ಲಾಸಿಗೆ ನಲವತ್ತು ಮಕ್ಕಳು ಇಲ್ದಿದ್ರೆ ಮುಂದಿನ ವರ್ಷ ಆ ಕ್ಲಾಸೇ ಮುಚ್ಚುತ್ತೀವಿ ಅಂದಿದ್ರು. ನಲವತ್ತೂ ಇದ್ರು. ದೇವರ ದಯೆ."

ದೇವರ ದಯೆಯೋ ಬೇರೆ ಯಾರದ್ದೋ ಅನ್ನುವುದು ವರಾಂಡದ ಗೋಡೆ ಮೇಲೇ ಬರೆದಿತ್ತು. ಬಾಗಿಲಿನಷ್ಟು ಎತ್ತರದ ಹಾಳೆ. ಅದರಲ್ಲಿ ಜ್ವರ ನೋಡುವ ಕಡ್ಡಿಯ ಚಿತ್ರ. ಕೆಳಗಿನಿಂದ ನಲವತ್ತರವರೆಗೂ ಕೆಂಪು ಬಣ್ಣ ತುಂಬಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಅಳೆಯಲು ಬಾರದ್ದು ಗುರಿಯಲ್ಲ' ಎಂಬ ಮಾತು. ಮಕ್ಕಳ ಸೇರ್ಪಡೆ ಹೆಚ್ಚಿಸಲೆಂದೇ ಮಂಡಳಿಯವರು ವರ್ಷದ ಹಿಂದೆ ನೇಮಿಸಿದ ಮನುಷ್ಯನ ಕೈಬರಹ. ಟೀಚರುಗಳು ಅವನಿಗಿಟ್ಟ ಹೆಸರು ಗುರಿ ಮೇಷ್ಟ್ರು.

ಅವನನ್ನು ಸುಮ್ಮನೆ ಹಳಿಯಲಾರೆ. ಬರೀ 'ಮಕ್ಕಳು ಜಾಸ್ತಿ ಆಗಬೇಕು' ಅಂದರೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಇವನು ಟೀಚರುಗಳಿಗೆ ಬೀದಿ ಹಂಚಿದ. ಯಾರು ಎಷ್ಟು ಮನೆಯ ಮೆಟ್ಟಿಲು ಹತ್ತಬೇಕು, ಎಷ್ಟು ಮಕ್ಕಳನ್ನು ತರಬೇಕು, ಯಾವ ತಿಂಗಳೊಳಗೆ ಎಂದು ಗೊತ್ತುಮಾಡಿದ. ತಾಯಂದಿರು ಶಾಲೆ ಬಿಡಿಸಿದ್ದು ಯಾಕೆ ಎಂದು ಕೇಳಿಸಿ, ಶೌಚಾಲಯ ರಿಪೇರಿ ಮಾಡಿಸಿದ, ವ್ಯಾನ್ ಹಾಕಿಸಿದ. ಅರ್ಧ ಖಾಲಿ ಇದ್ದ ಕ್ಲಾಸು ನೋಡುನೋಡುತ್ತಿದ್ದಂತೆ ತುಂಬಿತು. ಇದೆಲ್ಲ ಒಪ್ಪತಕ್ಕ ಮಾತೇ.

"ಅವನಿಗೆ ಕನ್ನಡಕ ಇದೆ ಅಲ್ವಾ?" ಎಂದೆ.

ಹೆಡ್ ಮಿಸ್ ಸೆರಗು ಸರಿಮಾಡಿಕೊಂಡಳು. "ಇದೆ. ಇವತ್ತು ಮಂಡಳಿ ಆಫೀಸಿಗೆ ವರದಿ ಕೊಡೋಕೆ ಹೋಗ್ತೀನಿ ಅಂದಿದ್ರು. ಫೋನ್ ಸ್ವಿಚ್ ಆಫ್ ಬರ್ತಿದೆ."

"ಮಂಡಳಿ ಆಫೀಸಿಗೆ ಫೋನ್ ಮಾಡಿ ಕೇಳಿದೆಯಾ?"

"ಕೇಳಿದೆ. ಇನ್ನೂ ಬಂದಿಲ್ವಂತೆ."

ಇದನ್ನು ಅವಳು ನಾನು ಕೇಳುವವರೆಗೂ ಹೇಳಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಅವಳಿಗೆ ಅನ್ನಿಸಿರಬೇಕು. ನನಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡುವಷ್ಟು ಪುರುಸೊತ್ತು ಇರಲಿಲ್ಲ.

ಒಂದನೇ ಕ್ಲಾಸು ಮೆಟ್ಟಿಲ ಪಕ್ಕದ ಕೋಣೆ. ಒಳಗೆ ಹೋದಾಗ ಮಕ್ಕಳು ಎದ್ದು ನಿಂತು ರಾಗವಾಗಿ ನಮಸ್ತೆ ಹೇಳಿದರು. ಅವರ ಮಿಸ್ ಚಿಕ್ಕ ವಯಸ್ಸಿನ ಹುಡುಗಿ, ಇದೇ ಮೊದಲ ಕೆಲಸ. ನನ್ನನ್ನು ನೋಡಿದ್ದೇ ತಡ, ಬೋರ್ಡ್ ಒರೆಸಲು ಶುರುಮಾಡಿದಳು. ಬೋರ್ಡ್ ಮೇಲೆ ಏನೂ ಬರೆದಿರಲಿಲ್ಲ.

ಗೋಡೆಗೆ ಸಾಲಾಗಿ ಗೂಟ. ಪ್ರತಿ ಗೂಟದ ಮೇಲೆ ನಂಬರು, ಗೂಟಕ್ಕೊಂದು ಚೀಲ. ಕೊನೆಯದು ನಲವತ್ತು. ಅದರಲ್ಲೂ ಚೀಲ ನೇತಾಡುತ್ತಿತ್ತು. ಕೊನೆಯ ಬೆಂಚಿನ ತುದಿ ಮಾತ್ರ ಖಾಲಿ.

"ನಲವತ್ತನೇ ನಂಬರು ಎಲ್ಲಿ?"

"ರಜೆ ಮೇಡಂ. ಜ್ವರವಂತೆ."

"ಮಗು ರಜೆ ಹಾಕಿ ಚೀಲ ಮಾತ್ರ ಶಾಲೆಗೆ ಬಂದಿದೆಯಲ್ಲ."

"ನಿನ್ನೆ ಬಿಟ್ಟು ಹೋಗಿದ್ದಾಳೆ."

ಚೀಲ ಇಳಿಸಿ ನೋಡಿದೆ. ಪಕ್ಕದ ಚೀಲಗಳಲ್ಲಿ ಹರಿದ ಜಿಪ್ಪು, ಇಂಕಿನ ಕಲೆ, ಕಡಿದ ಪೆನ್ಸಿಲ್ ತುದಿ. ಇದರಲ್ಲಿ ವರ್ಷದ ಕೊನೆಯಾಗುತ್ತಾ ಬಂದರೂ ರಬ್ಬರಿನ ನಾಲ್ಕೂ ಮೂಲೆ ಚೂಪಾಗಿದ್ದವು. ಬಣ್ಣದ ಬಳಪಗಳೆಲ್ಲ ಒಂದೇ ಉದ್ದ. ಒಂದು ಕೆಂಪು ಮಾತ್ರ ಸವೆದಿತ್ತು, ಅದೂ ತುದಿಯಷ್ಟೇ. ಒಂದೇ ದಿನ ಬಳಸಿದ ಬಳಪ.

ಮಕ್ಕಳ ಕಡೆ ತಿರುಗಿದೆ. "ನಲವತ್ತನೇ ನಂಬರಿನವಳು ನಿಮಗೆಲ್ಲ ಗೊತ್ತಾ?"

"ಗೊತ್ತು ಮಿಸ್." ಒಕ್ಕೊರಲು.

"ದಿನಾ ಶಾಲೆಗೆ ಬರ್ತಾಳಾ?"

"ಬರ್ತಾಳೆ ಮಿಸ್."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ವಯಸ್ಸು ಅದು. ದೊಡ್ಡವರು ಕೇಳಿದ್ದಕ್ಕೆಲ್ಲ ಹೌದು. ಪೊಲೀಸ್ ನೌಕರಿಯಲ್ಲಿ ದೊಡ್ಡವರೂ ಹೀಗೆ ಸಾಕ್ಷಿ ಹೇಳುವುದನ್ನು ಕೇಳಿದ್ದೇನೆ. ಆಗ ಪ್ರಶ್ನೆ ಬದಲಿಸಬೇಕು.

"ಮೂವತ್ತೊಂಬತ್ತನೇ ನಂಬರಿನವನ ಜೊತೆ ಜಗಳ ಆಡಿದೋರು ಕೈ ಎತ್ತಿ."

ಹೆಚ್ಚುಕಡಿಮೆ ಇಡೀ ಕ್ಲಾಸು ಕೈ ಎತ್ತಿತು. ಮೂವತ್ತೊಂಬತ್ತನೆಯವನೂ ಎತ್ತಿದ.

"ಸರಿ. ಈಗ ನಲವತ್ತನೆಯವಳ ಜೊತೆ ಜಗಳ ಆಡಿದೋರು."

ಕೈಗಳೆಲ್ಲ ಕೆಳಗಿಳಿದವು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಷವಿಡೀ ಕೂತ ಮಗುವಿನ ಜೊತೆ ಯಾರೂ ಜಗಳ ಆಡಿಲ್ಲ ಅಂದರೆ ಆ ಮಗು ವರ್ಷವಿಡೀ ಅಲ್ಲಿರಲಿಲ್ಲ. ಇಷ್ಟು ತಿಳಿಯಲು ಪತ್ತೇದಾರಿಕೆ ಬೇಕಿಲ್ಲ, ಮಕ್ಕಳನ್ನು ಸಾಕಿದ್ದರೆ ಸಾಕು.

ಆಗ ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ ಕೊನೆಯ ಬೆಂಚಿನಿಂದ ಮೆಲ್ಲಗೆ ಕೈ ಎತ್ತಿದಳು.

"ನಾನು ಆಡಿದೀನಿ. ನಿನ್ನೆ."

"ಯಾಕೆ ಪುಟ್ಟಾ?"

"ಮಿಸ್ ಹಾಜರಿ ಕರೆದಾಗ ಅವಳು ಎದ್ದು ನಿಲ್ಲಲಿಲ್ಲ. ನಾನು ತಳ್ಳಿದೆ. ಅದು ನನ್ ಹೆಸರಲ್ಲ, ನನ್ ಹೆಸರು ಚಿನ್ನಿ ಅಂದ್ಳು. ಆಮೇಲೆ ಮಿಸ್ ಬಂದು ಅವಳ ಕಿವೀಲಿ ಏನೋ ಹೇಳಿದ್ರು. ಆಮೇಲೆ ನಿಂತ್ಕೊಂಡ್ಳು."

ಬೋರ್ಡ್ ಒರೆಸುವ ಸದ್ದು ನಿಂತಿತು.

ಆಟದ ಸಾಮಾನಿನ ಕೋಣೆಗೆ ಮಿಸ್ಸನ್ನು ಕರೆದುಕೊಂಡು ಹೋದೆ. ಗಾಳಿ ಹೋದ ಚೆಂಡುಗಳು, ಸ್ಕಿಪ್ಪಿಂಗ್ ಹಗ್ಗದ ಗಂಟು, ಒಂದು ಹಳೆಯ ಸ್ಟೂಲು. ಬಾಗಿಲು ಮುಂದಕ್ಕೆ ಹಾಕಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ.

"ನಲವತ್ತನೇ ಮಗು ಅಂತ ಯಾರೂ ಇಲ್ಲ ಅಲ್ವಾ?"

"ಇಲ್ಲ ಮೇಡಂ."

ನಿರಾಕರಿಸುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೊರೆ ಇಳಿಸಿದವಳ ಹಾಗೆ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ನಾನೇ ಮನೆ ಮನೆ ತಿರುಗಿ ಕ್ಲಾಸನ್ನ ಮೂವತ್ತೊಂಬತ್ತಕ್ಕೆ ಮುಟ್ಟಿಸಿದೆ. ಒಂದು ಮನೇಲಿ ನಾಯಿ ಕಚ್ತು, ಇನ್ನೊಂದು ಮನೇಲಿ ತಾತ ಬೈದು ಬಾಗಿಲು ಹಾಕ್ದ, ನಾಲ್ಕನೇ ಸಲ ಹೋದಾಗ ಅದೇ ತಾತ ಮೊಮ್ಮಗಳನ್ನ ಕೈ ಹಿಡಿದು ಕರ್ಕೊಂಡು ಬಂದ. ಅಷ್ಟು ಮಾಡಿದ ಮೇಲೂ ಇಲ್ಲಿ ಯಾರೂ ಮೂವತ್ತೊಂಬತ್ತು ಬಂದ್ವು ಅನ್ನಲಿಲ್ಲ ಮೇಡಂ. ಒಂದು ಕಮ್ಮಿ ಅಂದ್ರು."

"ಆಗ?"

"ಗುರಿ ಮೇಷ್ಟ್ರು, ಸದ್ಯಕ್ಕೆ ಒಂದು ಹೆಸರು ಬರೆದಿಡಿ, ಮಗು ಆಮೇಲೆ ತುಂಬೋಣ ಅಂದ್ರು. ಬರೆದೆ. ಬರೆದ ಮೇಲೆ ಗೂಟ ಬೇಕು, ಚೀಲ ಬೇಕು, ಹಾಜರಿ ಬೇಕು. ಒಂದು ಸುಳ್ಳಿಗೆ ಎಷ್ಟೊಂದು ಚಾಕರಿ ಮಾಡಬೇಕು ಅಂತ ನಂಗೆ ಗೊತ್ತಿರಲಿಲ್ಲ. ಎಣಿಕೆಗೆ ಬರ್ತಾರೆ ಅಂತ ಗೊತ್ತಾದಾಗ, ಒಂದು ದಿನಕ್ಕೆ ಮಗು ನಾನು ತರ್ತೀನಿ ಅಂದ್ರು. ನಿನ್ನೆ ತಂದ್ರು."

"ಆ ಮಗುವಿನ ತಾಯಿಗೆ ಅವನು ಏನು ಹೇಳಿದಾನೆ ಗೊತ್ತಾ? ಶಾಲೆಗೆ ಸೇರಿಸ್ಕೊಂಡ್ವಿ ಅಂತ."

ಅವಳು ತಲೆ ಎತ್ತಿದಳು. ಇದು ಅವಳಿಗೆ ಗೊತ್ತಿರಲಿಲ್ಲ. ನಾಟಕವಾಗಿದ್ದರೆ ನಾನು ಹಿಡಿಯುತ್ತಿದ್ದೆ.

"ಒಂದು ದಿನಕ್ಕೆ ಅಂತ ಅವರಿಗೂ ಹೇಳಿದ್ದಾರೆ ಅಂದ್ಕೊಂಡಿದ್ದೆ," ಎಂದಳು. "ಮಗು ಹೋಗುವಾಗ, ನಾಳೆ ಈ ಚೀಲ ಮನೆಗೆ ತಗೊಂಡು ಹೋಗ್ಲಾ ಮಿಸ್ ಅಂತ ಕೇಳ್ತು. ನಾನು ಹೂಂ ಅಂದೆ."

ಒಬ್ಬ ತಾಯಿ ಮಗಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದ್ದಳು. ಇವರು ಮದುವೆಮನೆಗೆ ಪಾತ್ರೆ ಎರವಲು ತಂದ ಹಾಗೆ ಮಗುವನ್ನು ತಂದಿದ್ದರು. ಎರವಲು ತಂದ ಪಾತ್ರೆಯನ್ನಾದರೂ ಜನ ನೆನಪಿಟ್ಟು ವಾಪಸ್ ಕೊಡುತ್ತಾರೆ.

"ಸಂಜೆ ಮಗು ಎಲ್ಲಿ ಹೋಯ್ತು?"

"ಅವರ ಅಮ್ಮನಿಗೇ ಕೊಟ್ಟೆ ಮೇಡಂ."

"ಯಾರಿಗೆ?"

"ಅವರ ಅಮ್ಮನಿಗೆ. ಈಗ ಆಫೀಸಲ್ಲಿ ಕೂತು ಮಗು ಕಾಣ್ತಿಲ್ಲ ಅಂತಿದ್ದಾರಂತಲ್ಲ, ಅವರಿಗೇ. ಬೆಲ್ ಹೊಡೆಯೋಕೆ ಮುಂಚೆನೇ ಗೇಟಿಗೆ ಬಂದಿದ್ರು. ನಾನೇ ಮಗುನ ಕೈ ಹಿಡಿದು ಕರ್ಕೊಂಡು ಹೋಗಿ ಕೊಟ್ಟಿದ್ದೀನಿ."

"ಕಾರ್ಡ್ ನೋಡಿದ್ರಾ?"

"ಆ ನಂಬರಿನ ಕಾರ್ಡ್ ನನ್ನ ಡ್ರಾಯರಲ್ಲೇ ಇದೆ. ಇಲ್ಲದ ಮಗುವಿನ ಕಾರ್ಡ್ ಯಾರ ಮನೆಗೆ ಕೊಡ್ಲಿ?"

ಸ್ವಂತ ಅಪ್ಪನಿಗೂ ಕಾರ್ಡ್ ಇಲ್ಲದೆ ಮಗ ಸಿಗದ ಗೇಟು ಅದು. ಅಲ್ಲಿಂದ ಕಾರ್ಡ್ ಇಲ್ಲದೆ ಆಚೆ ಹೋದದ್ದು ಒಂದೇ ಮಗು. ಉಳಿದ ಮೂವತ್ತೊಂಬತ್ತಕ್ಕೂ ಕಾವಲಿತ್ತು. ಸುಳ್ಳು ಹೆಸರಿನ ಕೆಳಗೆ ಕೂತ ನಿಜವಾದ ಮಗುವಿಗೆ ಮಾತ್ರ ಇರಲಿಲ್ಲ.

"ಕಾವಲುಗಾರ ತಡೀಲಿಲ್ವಾ?"

"ನಾನೇ ಜೊತೇಲಿ ಇದ್ದೆನಲ್ಲ. ಮಿಸ್ ಬಂದ್ರೆ ಅವನು ಕೇಳಲ್ಲ. ಬೇರೆ ಮಕ್ಕಳ ಮನೆಯವರು ಬರೋಕೆ ಮುಂಚೆ ಆ ಮಗು ಹೊರಗೆ ಹೋದ್ರೆ ಸಾಕಾಗಿತ್ತು ನಂಗೆ." ಅವಳ ಧ್ವನಿ ಗಟ್ಟಿಯಾಯಿತು. "ನಾನು ತಪ್ಪು ಮಾಡಿದ್ದೀನಿ, ಕೆಲಸ ಹೋಗುತ್ತೆ, ಹೋಗ್ಲಿ. ಆದ್ರೆ ಮಗುನ ಕಳೆದಿಲ್ಲ. ಕೈಗೆ ಕೈ ಕೊಟ್ಟಿದ್ದೀನಿ. ಈಗ ಯಾಕೆ ಅವರು ಹೀಗೆ ಹೇಳ್ತಿದ್ದಾರೋ ನಂಗೆ ಅರ್ಥ ಆಗ್ತಿಲ್ಲ. ಗುರಿ ಮೇಷ್ಟ್ರೂ ಅವರೂ ಸೇರಿ ಏನೋ ಮಾಡ್ತಿದ್ದಾರೆ."

ಆ ಮಾತು ನನ್ನ ತಲೆಯಲ್ಲೂ ಓಡುತ್ತಿತ್ತು. ಪೊಲೀಸ್ ಬೇಡ ಅನ್ನುವ ತಾಯಿ. ಫೋನ್ ಆಫ್ ಮಾಡಿಕೊಂಡು ಮಾಯವಾದ ಮೇಷ್ಟ್ರು. ಶಾಲೆಯ ಸುಳ್ಳು ಇಬ್ಬರಲ್ಲಿ ಒಬ್ಬನಿಗಂತೂ ಗೊತ್ತು. ಮಗುವನ್ನು ನೆಂಟರ ಮನೆಯಲ್ಲಿ ಕೂರಿಸಿ, ಹೆಡ್ ಮಿಸ್ಸಿನ ಕುತ್ತಿಗೆಗೆ ಹಗ್ಗ ಹಾಕುವ ಆಟ ಇದ್ದರೂ ಇರಬಹುದು. ಹಾಗಿದ್ದರೆ ಒಳ್ಳೆಯದೇ ಅಂದುಕೊಂಡೆ. ಮೋಸವಾದರೂ ಸರಿ, ಮಗು ಎಲ್ಲೋ ಸುಖವಾಗಿ ಊಟ ಮಾಡಿ ಮಲಗಿದ್ದರೆ ಸಾಕು.

"ಇವತ್ತು ಅವಳನ್ನ ಮಾತಾಡಿಸಿದ್ರಾ?"

"ಆ ಕಡೆ ತಲೆ ಹಾಕೋಕೂ ಧೈರ್ಯ ಬರಲಿಲ್ಲ."

"ಈಗ ಬನ್ನಿ. ನನಗೆ ಹೇಳಿದ್ದನ್ನ ಅವಳ ಮುಖಕ್ಕೇ ಹೇಳಿ."

ವರಾಂಡ ದಾಟುವಾಗ ಮಿಸ್ ನನಗಿಂತ ಮುಂದೆ ನಡೆದಳು. ತಪ್ಪು ಒಪ್ಪಿಕೊಂಡವರಿಗೆ ಬರುವ ಒಂದು ಬಗೆಯ ಧೈರ್ಯ ಅವಳಿಗೆ ಬಂದಿತ್ತು. ಆಫೀಸಿನ ಬಾಗಿಲನ್ನು ಅವಳೇ ತಳ್ಳಿದಳು.

ಇಸ್ತ್ರಿಯವಳು ಎದ್ದು ನಿಂತಳು. ಹೆಡ್ ಮಿಸ್ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದಳು.

ಮಿಸ್ ಎರಡು ಹೆಜ್ಜೆ ಒಳಗಿಟ್ಟವಳು ಅಲ್ಲೇ ನಿಂತಳು. ಕೋಣೆಯನ್ನೆಲ್ಲ ಒಮ್ಮೆ ನೋಡಿದಳು, ಬೇರೆ ಯಾರೋ ಇರಬೇಕಿತ್ತು ಅನ್ನುವ ಹಾಗೆ.

"ಅವರ ಅಮ್ಮ ಎಲ್ಲಿ?"

"ನಾನೇ ಮಿಸ್," ಎಂದಳು ಇಸ್ತ್ರಿಯವಳು. "ಚಿನ್ನಿ ಅಮ್ಮ."

ಮಿಸ್ ನನ್ನ ಕಡೆ ತಿರುಗಿದಳು. "ಮೇಡಂ, ಇವರಲ್ಲ. ನಾನು ಮಗುನ ಕೊಟ್ಟಿದ್ದು ಇವರಿಗಲ್ಲ."

ಹೆಡ್ ಮಿಸ್ ಫೋನ್ ಕೆಳಗಿಟ್ಟಳು. ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗಾಗಿತ್ತು. ಮೋಸವೂ ಇಲ್ಲ, ನೆಂಟರ ಮನೆಯೂ ಇಲ್ಲ. ಯಾರೋ ಗೇಟಿಗೆ ಬಂದು ಏಳು ವರ್ಷದ ಹುಡುಗಿಯನ್ನು ಹಗಲು ಹೊತ್ತಿನಲ್ಲೇ ಕರೆದುಕೊಂಡು ಹೋಗಿದ್ದರು, ಒಂದು ರಾತ್ರಿ ಆಗಲೇ ಕಳೆದುಹೋಗಿತ್ತು.

"ಯಾರು ಬಂದಿದ್ರು? ಸರಿಯಾಗಿ ನೆನಪು ಮಾಡ್ಕೊಳ್ಳಿ," ಎಂದೆ. "ಅಮ್ಮ ಅಂತ ಅವಳೇ ಹೇಳಿದ್ಳಾ?"

"ಹೇಳೋದೇ ಬೇಕಾಗಿರಲಿಲ್ಲ ಮೇಡಂ. ಮಗುವಿನ ಮುಖಾನೇ ಅವರ ಮುಖ. ಅದೇ ಹುಬ್ಬು, ಅದೇ ಗಲ್ಲ. ನೋಡಿದ ತಕ್ಷಣ ತಾಯಿ ಅಂತ ಗೊತ್ತಾಗ್ತಿತ್ತು." ಅವಳ ಮಾತು ತಡವರಿಸಿತು. "ಮಗು ಮೊದಲು ಸ್ವಲ್ಪ ಹೊತ್ತು ಸುಮ್ನೆ ನೋಡ್ತಾ ನಿಂತಿತ್ತು. ಅವರು ಕೂತು ಏನೋ ಹಾಡಿದ್ರು, ಮೆಲ್ಲಗೆ. ಆಮೇಲೆ ತಾನಾಗೇ ಓಡಿ ಹೋಗಿ ಕುತ್ತಿಗೆ ತಬ್ಬಿಕೊಳ್ತು. ಅಮ್ಮ ಅಂತು."

ನಾನು ಇಸ್ತ್ರಿಯವಳ ಕಡೆ ನೋಡಿದೆ. ಕಿರುಚುತ್ತಾಳೆ, ಕುಸಿಯುತ್ತಾಳೆ, ಮಿಸ್ಸಿನ ಮೇಲೆ ಬೀಳುತ್ತಾಳೆ ಅಂತ ಹಿಡಿಯಲು ಒಂದು ಹೆಜ್ಜೆ ಮುಂದೆ ಇಟ್ಟೂ ಇದ್ದೆ.

ಅವಳು ಹಾಗೇನೂ ಮಾಡಲಿಲ್ಲ. ನಿಧಾನವಾಗಿ ಮತ್ತೆ ಕುರ್ಚಿಯಲ್ಲಿ ಕೂತಳು. ಸುಟ್ಟ ಗೆರೆಗಳ ಮೇಲೆ ಇನ್ನೊಂದು ಕೈ ಇಟ್ಟುಕೊಂಡು, ನಮ್ಮಲ್ಲಿ ಯಾರನ್ನೂ ನೋಡದೆ, ತನಗೇ ಹೇಳಿಕೊಳ್ಳುವ ಹಾಗೆ ಹೇಳಿದಳು:

"ಹಾಗಾದ್ರೆ ಹೆತ್ತವಳು ಬದುಕಿದ್ದಾಳೆ."